ಆಗಸ್ಟ್‌ನ ಹಡಗು, ಜನವರಿಯ ದ್ವೀಪ: ಗ್ರೀಸ್‌ನ ಹೈಸ್ಪೀಡ್ ಫೆರಿಗಳು ಯಾರಿಗಾಗಿ?

ಅಥೆನ್ಸ್‌ಗೆ ಅಂಟಿಕೊಂಡಿರುವ ಪಿರೇಯಸ್ ಬಂದರಿನಿಂದ ಸ್ಯಾಂಟೊರಿನಿ ದ್ವೀಪಕ್ಕೆ ಎರಡು ಥರದ ಹಡಗುಗಳು ಹೊರಡುತ್ತವೆ. ಲಾರಿ, ಕಾರು, ತರಕಾರಿ, ಸಿಮೆಂಟು, ಜನ ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡು, ದಾರಿಯಲ್ಲಿ ಪಾರೋಸ್, ನಾಕ್ಸೊಸ್ ಮುಟ್ಟಿಕೊಂಡು ಹೋಗುವ ಸಾಮಾನ್ಯ ಫೆರಿಗೆ ಸುಮಾರು 8 ಗಂಟೆ ಬೇಕು. ಹೈಸ್ಪೀಡ್ ಫೆರಿ 5 ಗಂಟೆಯ ಆಸುಪಾಸಿನಲ್ಲಿ ತಲುಪಿಸುತ್ತದೆ. ಟಿಕೆಟ್ ದರ ಮಾತ್ರ ಹೆಚ್ಚೂಕಡಿಮೆ ಒಂದೂವರೆಯಿಂದ ಎರಡು ಪಟ್ಟು. ದುಡ್ಡು ಕೊಟ್ಟರೆ 3 ಗಂಟೆ ಉಳಿಯುತ್ತದೆ. ಲೆಕ್ಕ ಸರಳವಾಗಿದೆ, ಅಲ್ವಾ?

ಪ್ರವಾಸಿಗರಿಗೆ ಸರಳವೇ. ಬೆಳಿಗ್ಗೆ ಮಿಕೊನೊಸ್, ಮಧ್ಯಾಹ್ನ ಪಾರೋಸ್, ಸಂಜೆಗೆ ಸ್ಯಾಂಟೊರಿನಿಯ ಸೂರ್ಯಾಸ್ತ: ರೀಲ್ಸ್‌ಗಳಲ್ಲಿ ನಾವು ನೋಡುವ ಈ 'ಐಲ್ಯಾಂಡ್ ಹಾಪಿಂಗ್' ಸಾಧ್ಯವಾಗಿರುವುದೇ ಈ ವೇಗದ ಹಡಗುಗಳಿಂದ. ಆದರೆ ಅದೇ ಹಡಗನ್ನು ಜನವರಿಯಲ್ಲಿ ಹುಡುಕಿ ನೋಡಿ. ಹೈಸ್ಪೀಡ್ ಫೆರಿಗಳಲ್ಲಿ ಬಹುಪಾಲು ಆಗ ಬಂದರಿನಲ್ಲಿ ಕಟ್ಟಿಹಾಕಿರುತ್ತವೆ. ಕ್ರೀಟ್‌ನ ಇರಾಕ್ಲಿಯೊ ನಗರದಿಂದ ಸ್ಯಾಂಟೊರಿನಿಗೆ ಬೇಸಿಗೆಯಲ್ಲಿ ಎರಡು ಗಂಟೆಯಲ್ಲಿ ತಲುಪಿಸುವ ಹೈಸ್ಪೀಡ್ ಸಂಪರ್ಕ ಸೀಸನ್ ಮುಗಿದ ಕೂಡಲೇ ನಿಂತುಹೋಗುತ್ತದೆ. ದ್ವೀಪಗಳು ಮಾತ್ರ ಅಲ್ಲೇ ಇರುತ್ತವೆ. ಅಲ್ಲಿನ ಮಕ್ಕಳು, ಮುದುಕರು, ಬಸುರಿಯರು, ಡಯಾಲಿಸಿಸ್ ಬೇಕಾದವರೂ ಅಲ್ಲೇ ಇರುತ್ತಾರೆ.

ನೂರಕ್ಕೂ ಹೆಚ್ಚು ಜನವಸತಿ ದ್ವೀಪಗಳಿರುವ ದೇಶದಲ್ಲಿ ಫೆರಿ ಅಂದರೆ ರಸ್ತೆ. ಆ ರಸ್ತೆ ಎಷ್ಟು ವೇಗವಾಗಿರಬೇಕು, ಯಾವ ತಿಂಗಳು ತೆರೆದಿರಬೇಕು, ಅದರ ಖರ್ಚು ಯಾರು ಹೊರಬೇಕು ಅನ್ನೋದು ರಾಜಕೀಯ ಪ್ರಶ್ನೆ. ಕಳೆದ ಆರು ದಶಕಗಳಲ್ಲಿ ಗ್ರೀಸ್ ಈ ಪ್ರಶ್ನೆಗೆ ಕೊಟ್ಟ ಉತ್ತರಗಳು ಸಾರ್ವಜನಿಕ ಸಾರಿಗೆ ಬಗ್ಗೆ ಯೋಚಿಸುವ ಎಲ್ಲರಿಗೂ ಪಾಠ.

ವೇಗಕ್ಕೂ ಒಂದು ಬೆಲೆ ಇದೆ

ಮೊದಲು ಹಡಗಿನ ಬಗ್ಗೆ. ಇಂದು ಏಜಿಯನ್ ಸಮುದ್ರದಲ್ಲಿ ಓಡುವ ವೇಗದ ಫೆರಿಗಳಲ್ಲಿ ಹೆಚ್ಚಿನವು ಕಟಮರಾನ್‌ಗಳು. ಈ ಪದ ನಮ್ಮ ಪಕ್ಕದ ಮನೆಯದು. ತಮಿಳಿನ 'ಕಟ್ಟುಮರ'ವೇ ಯುರೋಪಿಗೆ ಹೋಗಿ ಕಟಮರಾನ್ ಆಗಿದೆ. ಒಂದೇ ದಪ್ಪ ಒಡಲಿನ ಬದಲು ಎರಡು ತೆಳ್ಳನೆಯ ಒಡಲುಗಳು, ಅವುಗಳ ಮೇಲೆ ಅಲ್ಯೂಮಿನಿಯಂನ ಹಗುರ ಕಟ್ಟಡ. ನೀರಿನ ಎಳೆತ ಕಡಿಮೆ, ಹಾಗಾಗಿ ವೇಗ 35–40 ನಾಟ್, ಅಂದರೆ ಗಂಟೆಗೆ 65–74 ಕಿ.ಮೀ. ಒಳಗೆ ವಿಮಾನದಂತೆ ಸಾಲು ಸೀಟುಗಳು, ಮುಚ್ಚಿದ ಕಿಟಕಿಗಳು. ಎಷ್ಟೋ ಹಡಗುಗಳಲ್ಲಿ ಪ್ರಯಾಣಿಕರು ಡೆಕ್‌ಗೆ ಬಂದು ಗಾಳಿ ಕುಡಿಯುವ ಅವಕಾಶವೂ ಇರುವುದಿಲ್ಲ.

ಈ ವೇಗ ಪುಕ್ಕಟೆ ಬರಲ್ಲ. ಸಾಮಾನ್ಯ ಒಡಲಿನ ಹಡಗಿನ ವೇಗ ಎರಡು ಪಟ್ಟಾಗಬೇಕಾದರೆ ಎಂಜಿನ್ ಶಕ್ತಿ ಸುಮಾರು ಎಂಟು ಪಟ್ಟು ಬೇಕು. ಕಟಮರಾನ್ ವಿನ್ಯಾಸ ಈ ಹೊರೆಯನ್ನು ಒಂದಷ್ಟು ಇಳಿಸುತ್ತದೆ, ಇಲ್ಲವಾಗಿಸುವುದಿಲ್ಲ. ಒಬ್ಬ ಪ್ರಯಾಣಿಕನನ್ನು ಒಂದು ಮೈಲಿ ಸಾಗಿಸಲು ಹೈಸ್ಪೀಡ್ ಹಡಗು ಸುಡುವ ಇಂಧನ ಸಾಮಾನ್ಯ ಫೆರಿಗಿಂತ ಬಹಳ ಜಾಸ್ತಿ. ಸೀಟುಗಳು ಭರ್ತಿಯಾದರೆ ಮಾತ್ರ ಲೆಕ್ಕ ಸರಿಹೋಗುತ್ತದೆ. ಸೀಟು ಭರ್ತಿಯಾಗುವುದು ಬೇಸಿಗೆಯಲ್ಲಿ, ಅದೂ ಹೆಸರುವಾಸಿ ದ್ವೀಪಗಳಿಗೆ.

ಎರಡನೇ ಮಿತಿ ಗಾಳಿಯದ್ದು. ಬೇಸಿಗೆಯಲ್ಲಿ, ಮುಖ್ಯವಾಗಿ ಜುಲೈ–ಆಗಸ್ಟ್‌ನಲ್ಲಿ, ಉತ್ತರದಿಂದ ಬೀಸುವ 'ಮೆಲ್ಟೆಮಿ' ಗಾಳಿ ಏಜಿಯನ್ ಸಮುದ್ರವನ್ನು ದಿನಗಟ್ಟಲೆ ಕೆರಳಿಸುತ್ತದೆ. ಚಳಿಗಾಲದಲ್ಲಿ ಅದಕ್ಕಿಂತ ಜೋರಾದ ಬಿರುಗಾಳಿಗಳು ಬರುತ್ತವೆ. ಗಾಳಿ ಇಷ್ಟು ಮೀರಿದರೆ ಹಡಗು ಹೊರಡುವಂತಿಲ್ಲ ಎಂದು ಕರಾವಳಿ ಕಾವಲು ಪಡೆ ನಿಷೇಧ ಹೇರುತ್ತದೆ. ಹೈಸ್ಪೀಡ್ ಹಡಗುಗಳಿಗೆ ಈ ಮಿತಿ ದೊಡ್ಡ ಸಾಮಾನ್ಯ ಫೆರಿಗಳಿಗಿಂತ ಕಡಿಮೆ. ಅಲೆ ಎಷ್ಟು ಎತ್ತರವಿದ್ದಾಗ ಓಡಿಸಬಹುದು ಎಂಬುದನ್ನೂ ಅವುಗಳ ಪರವಾನಗಿಯಲ್ಲೇ ಬರೆದಿರುತ್ತದೆ. ಅಂದರೆ ಹವಾಮಾನ ಕೆಟ್ಟು ದ್ವೀಪಕ್ಕೆ ಸಂಪರ್ಕ ತೀರಾ ಅಗತ್ಯವಾದ ದಿನವೇ ಈ ಹಡಗು ಮೊದಲು ರದ್ದಾಗುತ್ತದೆ.

ಇದು ಆ ತಂತ್ರಜ್ಞಾನದ ದೋಷವಲ್ಲ. ಅದನ್ನು ಕಟ್ಟಿರುವುದೇ ಬೇರೆ ಕೆಲಸಕ್ಕೆ. ತೊಂದರೆ ಶುರುವಾಗುವುದು ಅದನ್ನೇ 'ದ್ವೀಪಗಳ ಅಭಿವೃದ್ಧಿ' ಅಂತ ಮಾರಿದಾಗ.

ಮುಳುಗಿದ ಹಡಗು, ಎದ್ದು ನಿಂತ ಜನ

1966ರ ಡಿಸೆಂಬರ್ 8ರ ನಸುಕಿನಲ್ಲಿ ಕ್ರೀಟ್‌ನಿಂದ ಪಿರೇಯಸ್‌ಗೆ ಹೊರಟಿದ್ದ 'ಇರಾಕ್ಲಿಯೊನ್' ಹಡಗು ಫಲ್ಕೊನೇರಾ ಎಂಬ ಬಂಡೆದ್ವೀಪದ ಬಳಿ ಮುಳುಗಿತು. ಬಿರುಗಾಳಿಯಲ್ಲಿ, ಸರಿಯಾಗಿ ಕಟ್ಟಿರದ ಲಾರಿಯೊಂದು ಜಾರಿ ಬಾಗಿಲಿಗೆ ಬಡಿದು ನೀರು ನುಗ್ಗಿತ್ತು. 200ಕ್ಕೂ ಹೆಚ್ಚು ಜನ ಸತ್ತರು. ಅಂದಿನ ಹಡಗು ಮಾಲೀಕರಿಗೆ ದ್ವೀಪದ ಜನ ಅಂದರೆ ಟಿಕೆಟ್ ಕೊಳ್ಳಲೇಬೇಕಾದ ಗಿರಾಕಿಗಳು. ಬೇರೆ ದಾರಿಯೇ ಇಲ್ಲದವರಿಗೆ ಸುರಕ್ಷತೆ ಕೊಡುವ ತುರ್ತು ಯಾರಿಗಿರುತ್ತದೆ?

ಕ್ರೀಟ್‌ನ ಜನ ಆಗ ಅತ್ತು ಸುಮ್ಮನಾಗಲಿಲ್ಲ. ಮರುವರ್ಷವೇ, 1967ರಲ್ಲಿ, ಹನ್ಯಾ ಪಟ್ಟಣದಲ್ಲಿ 'ಅನೆಕ್' ಎಂಬ ಹಡಗು ಕಂಪನಿ ಹುಟ್ಟಿತು. ಬಿಷಪ್ ಐರಿನೇಯೊಸ್ ಮುಂದೆ ನಿಂತರು. ರೈತರು, ಅಂಗಡಿಯವರು, ಶಿಕ್ಷಕರು ಸಣ್ಣ ಸಣ್ಣ ಷೇರು ಹಾಕಿದರು. ನಮ್ಮ ಹಡಗು ನಮ್ಮ ಕೈಯಲ್ಲೇ ಇರಲಿ ಅನ್ನೋದು ಅದರ ಹಿಂದಿನ ವಿಚಾರ. 1972ರಲ್ಲಿ ಇರಾಕ್ಲಿಯೊ ನಗರದಲ್ಲಿ 'ಮಿನೋವನ್ ಲೈನ್ಸ್' ಇದೇ ರೀತಿ ಶುರುವಾಯಿತು. ಲೆಸ್ವೊಸ್ ದ್ವೀಪದಲ್ಲೂ ಜನರ ಷೇರಿನ ಕಂಪನಿ ಬಂತು. ಸರ್ಕಾರವೂ ಅಲ್ಲದ, ಒಬ್ಬ ಶ್ರೀಮಂತನದ್ದೂ ಅಲ್ಲದ ಈ ಮಾದರಿ ಒಂದು ತಲೆಮಾರಿನ ಕಾಲ ಚೆನ್ನಾಗಿಯೇ ನಡೆಯಿತು.

ಆಮೇಲೆ ಮಾರುಕಟ್ಟೆಯ ಜ್ವರ ಬಂತು. 1990ರ ದಶಕದ ಕೊನೆಯಲ್ಲಿ ಈ ಕಂಪನಿಗಳು ಷೇರುಪೇಟೆಗೆ ಇಳಿದವು. 'ಮಿನೋವನ್ ಲೈನ್ಸ್' ಹುಟ್ಟುಹಾಕಿದ 'ಮಿನೋವನ್ ಫ್ಲೈಯಿಂಗ್ ಡಾಲ್ಫಿನ್ಸ್' ಎಂಬ ಕಂಪನಿ 1999ರಲ್ಲಿ ಏಜಿಯನ್‌ನ ಹಲವು ಕುಟುಂಬಗಳ ಹಡಗುಗಳನ್ನು ಒಂದೇ ಏಟಿಗೆ ಕೊಂಡುಕೊಂಡಿತು. ಹೆಸರಿನಲ್ಲಿರುವ 'ಹಾರುವ ಡಾಲ್ಫಿನ್'ಗೂ ಕಥೆಯಿದೆ. 1970ರ ದಶಕದಲ್ಲಿ ಸೋವಿಯತ್ ಒಕ್ಕೂಟದಿಂದ ತಂದ, ನೀರಿನ ಮೇಲೆ ಎದ್ದು ಓಡುವ ಹೈಡ್ರೋಫಾಯಿಲ್ ದೋಣಿಗಳನ್ನು ಗ್ರೀಕರು ಹಾಗೆ ಕರೆಯುತ್ತಿದ್ದರು. ಅಥೆನ್ಸ್ ಹತ್ತಿರದ ಹೈಡ್ರಾ, ಪೋರೊಸ್ ದ್ವೀಪಗಳ ಬದುಕನ್ನೇ ಬದಲಿಸಿದ ದೋಣಿಗಳವು. ವೇಗದ ಆ ಹೆಸರೇ ಈಗ ಇಡೀ ಸಾಮ್ರಾಜ್ಯದ ಬ್ರ್ಯಾಂಡ್ ಆಯಿತು.

34 ವರ್ಷದ ಹಡಗು, 2000ದ ರಾತ್ರಿ

ಬ್ರ್ಯಾಂಡ್ ಹೊಸದು, ಆದರೆ ಹಡಗುಗಳು? ಕಂಪನಿ ಒಂದು ಕಡೆ ಹೊಸ ಹೈಸ್ಪೀಡ್ ಕಟಮರಾನ್ ತರಿಸುತ್ತಿತ್ತು. ಇನ್ನೊಂದು ಕಡೆ ದೂರದ ದ್ವೀಪಗಳಿಗೆ ಓಡುತ್ತಿದ್ದುದು ಫ್ರಾನ್ಸ್‌ನಲ್ಲಿ 1966ರಲ್ಲಿ ಕಟ್ಟಿದ 'ಎಕ್ಸ್‌ಪ್ರೆಸ್ ಸಮೀನಾ'. ಇರಾಕ್ಲಿಯೊನ್ ಮುಳುಗಿದ ವರ್ಷವೇ ನೀರಿಗಿಳಿದ ಹಡಗು ಅದು. ಗ್ರೀಸ್‌ನಲ್ಲಿ ಆಗ ಫೆರಿಗಳ ನಿವೃತ್ತಿ ವಯಸ್ಸು 35. ಇದಕ್ಕೆ 34 ತುಂಬಿತ್ತು.

2000ದ ಸೆಪ್ಟೆಂಬರ್ 26ರ ರಾತ್ರಿ ಜೋರು ಗಾಳಿಯಲ್ಲಿ ಅದು ಪಾರೋಸ್ ಬಂದರಿನ ಹತ್ತಿರದ ಪೋರ್ಟೆಸ್ ಬಂಡೆಗಳಿಗೆ ಬಡಿಯಿತು. ಆ ಬಂಡೆಗಳು ನಕ್ಷೆಯಲ್ಲಿದ್ದವು, ಅವುಗಳ ಮೇಲೆ ದೀಪವೂ ಇತ್ತು. ಒಡಲಿನೊಳಗೆ ನೀರು ಹರಡದಂತೆ ತಡೆಯಬೇಕಾದ ಬಾಗಿಲುಗಳನ್ನು ಮುಚ್ಚಿರಲಿಲ್ಲ. ಹಡಗಿನಲ್ಲಿದ್ದ 500ಕ್ಕೂ ಹೆಚ್ಚು ಜನರಲ್ಲಿ 80ಕ್ಕೂ ಹೆಚ್ಚು ಮಂದಿ ಸತ್ತರು. ಕತ್ತಲಲ್ಲಿ ಬಿರುಗಾಳಿಗೆ ಅಂಜದೆ ಸಣ್ಣ ದೋಣಿಗಳಲ್ಲಿ ಹೋಗಿ ಜನರನ್ನು ನೀರಿನಿಂದ ಎತ್ತಿದವರಲ್ಲಿ ಪಾರೋಸ್‌ನ ಮೀನುಗಾರರು ಮುಂದಿದ್ದರು. ಕ್ಯಾಪ್ಟನ್‌ಗೂ ಅವನ ಮೊದಲ ಸಹಾಯಕನಿಗೂ ಮುಂದೆ ದೀರ್ಘ ಜೈಲುಶಿಕ್ಷೆಯಾಯಿತು.

ದುರಂತದ ನಂತರ ಆಗಿದ್ದೇನು? ತಪಾಸಣೆಗಳು ಬಿಗಿಯಾದವು, ಹಳೆಯ ಹಡಗುಗಳು ನಿಂತವು. ಜೊತೆಗೆ ಇನ್ನೊಂದು ಬದಲಾವಣೆಯೂ ಆಯಿತು. ಕರಾವಳಿ ಸಾರಿಗೆಯನ್ನು ಸ್ಪರ್ಧೆಗೆ ತೆರೆಯಬೇಕೆಂಬ ಯುರೋಪಿನ ನಿಯಮ 1992ರಲ್ಲೇ ಬಂದಿತ್ತು, ಗ್ರೀಸ್‌ಗೆ 2004ರವರೆಗೆ ವಿನಾಯ್ತಿ ಇತ್ತು. ಸರ್ಕಾರ 2001ರಲ್ಲಿ ಕಾನೂನು ತಂದು, 2002ರ ನವೆಂಬರ್‌ಗೇ ಬಾಗಿಲು ತೆರೆಯಿತು. ಸ್ಪರ್ಧೆ ಬಂದರೆ ಹೊಸ ಹಡಗು ಬರುತ್ತವೆ, ದರ ಇಳಿಯುತ್ತದೆ, ಸೇವೆ ಸುಧಾರಿಸುತ್ತದೆ ಎಂಬುದು ವಾದ.

ಹೊಸ ಹಡಗುಗಳು ಬಂದವು, ನಿಜ. ಆದರೆ ಸ್ಪರ್ಧೆ ಬಂದಿದ್ದು ಲಾಭ ಇರುವ ಕಡೆ. ಕಾಲಕ್ರಮೇಣ ಆ ಸ್ಪರ್ಧೆಯೂ ಕರಗಿತು. ಮಿನೋವನ್ ಲೈನ್ಸ್ 2008ರಲ್ಲಿ ಇಟಲಿಯ ಗ್ರಿಮಾಲ್ಡಿ ಪಾಲಾಯಿತು. ಫ್ಲೈಯಿಂಗ್ ಡಾಲ್ಫಿನ್ಸ್ ಹೆಸರು ಬದಲಿಸಿಕೊಂಡು 'ಹೆಲೆನಿಕ್ ಸೀವೇಸ್' ಆಗಿ, 2018ರಲ್ಲಿ 'ಅಟಿಕಾ ಗ್ರೂಪ್' ಒಳಗೆ ಸೇರಿತು. 2023ರ ಕೊನೆಗೆ ಅನೆಕ್ ಕೂಡ ಅದೇ ಅಟಿಕಾದಲ್ಲಿ ವಿಲೀನವಾಯಿತು. 1966ರ ಹೆಣಗಳ ನೆನಪಿನಲ್ಲಿ ಜನ ಕಟ್ಟಿದ ಕಂಪನಿಯ ಕಥೆ ಒಂದು ಕಾರ್ಪೊರೇಟ್ ವಿಲೀನದ ಕಡತದಲ್ಲಿ ಮುಗಿಯಿತು.

ಇವತ್ತು ಏಜಿಯನ್‌ನ ದೊಡ್ಡ ಪಾಲು ಕೆಲವೇ ಗುಂಪುಗಳ ಕೈಯಲ್ಲಿದೆ. ಹೈಸ್ಪೀಡ್ ವಲಯದಲ್ಲಿ ಎದ್ದುಕಾಣುವ 'ಸೀಜೆಟ್ಸ್' ಕಂಪನಿ ಬೇರೆ ದೇಶಗಳಲ್ಲಿ ದುಡಿದ ಕಟಮರಾನ್‌ಗಳನ್ನು ಸೆಕೆಂಡ್‌ಹ್ಯಾಂಡ್‌ನಲ್ಲಿ ಕೊಂಡು ಓಡಿಸುತ್ತದೆ. ಅದರ 'ವರ್ಲ್ಡ್ ಚಾಂಪಿಯನ್ ಜೆಟ್' ಮೊದಲು ಡೆನ್ಮಾರ್ಕ್‌ನ ಬೊರ್ನ್‌ಹೋಮ್ ದ್ವೀಪದ ಜನರನ್ನು ಸಾಗಿಸುತ್ತಿತ್ತು. ಅಲ್ಲಿ ದ್ವೀಪವಾಸಿಗಳ ದಿನನಿತ್ಯದ ವಾಹನವಾಗಿದ್ದದ್ದು ಇಲ್ಲಿ ಪ್ರವಾಸಿಗರ ಸೀಸನ್ ವಾಹನ.

'ಬಂಜರು ಮಾರ್ಗ'

ಗ್ರೀಕ್ ಭಾಷೆಯಲ್ಲಿ 'ಆಗೊನಿ ಗ್ರಮ್ಮಿ' ಅಂತ ಒಂದು ಮಾತಿದೆ. ನೇರ ಅರ್ಥ 'ಬಂಜರು ಮಾರ್ಗ'. ಯಾವ ಕಂಪನಿಗೂ ಲಾಭ ತರದ, ಸರ್ಕಾರ ಸಬ್ಸಿಡಿ ಕೊಟ್ಟು ಓಡಿಸಬೇಕಾದ ಫೆರಿ ಮಾರ್ಗಗಳಿಗೆ ಈ ಹೆಸರು. ಬದುಕು ನಡೆಸುತ್ತಿರುವ ಜನರ ಊರಿನ ದಾರಿಯನ್ನು ಬಂಜರು ಅಂತ ಕರೆಯುವ ಭಾಷೆ ಯಾರ ಕಣ್ಣಿಂದ ಹುಟ್ಟಿರಬಹುದು, ಯೋಚಿಸಿ.

ನಾಕ್ಸೊಸ್ ಮತ್ತು ಅಮೋರ್ಗೊಸ್ ನಡುವೆ ಇರಾಕ್ಲಿಯಾ, ಸ್ಕಿನೂಸಾ, ಕೂಫೊನಿಸಿ, ದೊನೂಸಾ ಎಂಬ ಪುಟ್ಟ ದ್ವೀಪಗಳಿವೆ. ಒಂದೊಂದರಲ್ಲೂ ಕೆಲವು ನೂರು ಜನ. ಇವುಗಳ ನಡುವೆ ವರ್ಷಪೂರ್ತಿ ಓಡುವುದು 'ಎಕ್ಸ್‌ಪ್ರೆಸ್ ಸ್ಕೊಪೆಲಿಟಿಸ್' ಎಂಬ ಸಣ್ಣ, ನಿಧಾನದ, ಅಲೆಗೆ ಸಿಕ್ಕಾಪಟ್ಟೆ ಹೊಯ್ದಾಡುವ ಹಡಗು. ನಾಕ್ಸೊಸ್‌ನ ಆಸ್ಪತ್ರೆಗೆ, ಬ್ಯಾಂಕಿಗೆ, ಸರ್ಕಾರಿ ಕಚೇರಿಗೆ ಹೋಗಬೇಕಾದರೆ ಇದೇ. ಅಂಗಡಿಯ ಸಾಮಾನು ಬರುವುದೂ ಇದರಲ್ಲೇ. ಹೆಸರಿನಲ್ಲಿ ಎಕ್ಸ್‌ಪ್ರೆಸ್ ಇದ್ದರೂ ವೇಗದಲ್ಲಿ ಅದು ನಮ್ಮ ಪ್ಯಾಸೆಂಜರ್ ರೈಲು. ಬೇಸಿಗೆಯಲ್ಲಿ ಕೂಫೊನಿಸಿಗೆ ಕಟಮರಾನ್‌ಗಳು ಸಾಲುಗಟ್ಟಿ ಬರುತ್ತವೆ. ಚಳಿಗಾಲದಲ್ಲಿ ಕಾಯುವ ಜನರ ಕಣ್ಣು ಹುಡುಕುವುದು ಈ ಪುಟ್ಟ ಹಡಗನ್ನು.

ರಾಜ್ಯಕ್ಕೆ ಇದೆಲ್ಲ ಗೊತ್ತಿಲ್ಲವೇ? ಗೊತ್ತಿದೆ. ಗ್ರೀಸ್ ಸಂವಿಧಾನದ 101ನೇ ವಿಧಿ, ಕಾನೂನು ಮಾಡುವಾಗ ದ್ವೀಪ ಮತ್ತು ಗುಡ್ಡಗಾಡು ಪ್ರದೇಶಗಳ ವಿಶೇಷ ಪರಿಸ್ಥಿತಿಯನ್ನು ಗಮನದಲ್ಲಿಡಬೇಕು ಎನ್ನುತ್ತದೆ. 2018ರಲ್ಲಿ 'ಸಾರಿಗೆ ಸಮಾನತೆ' ಯೋಜನೆ ಬಂತು. ಅಷ್ಟೇ ದೂರವನ್ನು ನೆಲದ ಮೇಲೆ ಬಸ್ಸಿನಲ್ಲಿ ಹೋಗಿದ್ದರೆ ಆಗುತ್ತಿದ್ದ ಖರ್ಚಿಗಿಂತ ದ್ವೀಪವಾಸಿ ಹೆಚ್ಚು ಕೊಡಬೇಕಾಗಿ ಬಂದರೆ, ಆ ವ್ಯತ್ಯಾಸವನ್ನು ಸರ್ಕಾರ ತುಂಬಿಕೊಡುತ್ತದೆ. ಫೆರಿ ಅಂದರೆ ಬಸ್ಸು ಅನ್ನೋದನ್ನು ಕಾನೂನೇ ಒಪ್ಪಿಕೊಂಡಂತಾಯಿತು. ಇದು ಸಣ್ಣ ವಿಷಯವಲ್ಲ.

ಆದರೆ ಸಬ್ಸಿಡಿ ಸಿಗುವುದು ಟಿಕೆಟ್‌ಗೆ. ಹಡಗೇ ಇಲ್ಲದ ದಿನ ಯಾವ ಟಿಕೆಟ್‌ಗೆ ಸಬ್ಸಿಡಿ? ದ್ವೀಪ ಬಿಟ್ಟು ಅಥೆನ್ಸ್‌ಗೆ ದುಡಿಯಲು ಹೋದ ಮಗ, ಮಗಳು ದ್ವೀಪವಾಸಿಗಳ ಲೆಕ್ಕಕ್ಕೆ ಬರುವುದಿಲ್ಲ. 2025ರಲ್ಲಿ ಗ್ರೀಸ್‌ನ ಕನಿಷ್ಠ ವೇತನ ತಿಂಗಳಿಗೆ 880 ಯೂರೋ. ಪಿರೇಯಸ್‌ನಿಂದ ಸ್ಯಾಂಟೊರಿನಿಗೆ ಹೈಸ್ಪೀಡ್ ಟಿಕೆಟ್ ಸೀಸನ್‌ನಲ್ಲಿ 80 ಯೂರೋ ದಾಟುತ್ತದೆ. ಗಂಡ ಹೆಂಡತಿ ಹೋಗಿ ಬರಲು 320 ಯೂರೋ, ಅಂದರೆ ಒಬ್ಬರ ಕನಿಷ್ಠ ಸಂಬಳದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ. ಆಗಸ್ಟ್ 15ರ ಹಬ್ಬಕ್ಕೆ ಊರಿಗೆ ಹೋಗುವ ಮಗನೂ ಸೆಲ್ಫಿಗೆ ಬರುವ ಪ್ರವಾಸಿಗನೂ ಒಂದೇ ಕ್ಯೂನಲ್ಲಿ ನಿಲ್ಲಬೇಕು. ದರ ನಿರ್ಧಾರವಾಗುವುದು ಎರಡನೆಯವನ ಜೇಬು ನೋಡಿ.

ಇದಕ್ಕೆ ಇನ್ನೊಂದು ಗಾಯವೂ ಸೇರಿದೆ. ಏಜಿಯನ್ ದ್ವೀಪಗಳಲ್ಲಿ ವ್ಯಾಟ್ ತೆರಿಗೆ ದರ ಉಳಿದ ದೇಶಕ್ಕಿಂತ ಶೇ. 30ರಷ್ಟು ಕಡಿಮೆ ಇತ್ತು. ಸಮುದ್ರ ದಾಟಿ ಬರುವ ಸರಕಿನ ಹೆಚ್ಚುವರಿ ಖರ್ಚಿಗೆ ಅದು ಸಣ್ಣ ಪರಿಹಾರ. 2015ರ ಸಾಲದ ಒಪ್ಪಂದದಲ್ಲಿ ಸಾಲ ಕೊಟ್ಟವರು ಅದನ್ನೂ ಹಂತಹಂತವಾಗಿ ತೆಗೆಸಿದರು. ಬಹುಪಾಲು ದ್ವೀಪಗಳಿಗೆ ಆ ರಿಯಾಯಿತಿ ಹೋಯಿತು.

ನಿಮಿಷಗಳ ಆಳ್ವಿಕೆ

ಬಂದರಿನಲ್ಲಿ ಹೈಸ್ಪೀಡ್ ಫೆರಿ ನಿಲ್ಲುವುದು ಕೆಲವೇ ನಿಮಿಷ. ಇಳಿಯುವವರು, ಹತ್ತುವವರು, ಸೂಟ್‌ಕೇಸುಗಳು, ಕಾರುಗಳು ಎಲ್ಲವೂ ಒಂದೇ ಇಳಿಜಾರಿನಲ್ಲಿ, ಸಿಬ್ಬಂದಿ ಕಿರುಚುತ್ತಿರುತ್ತಾರೆ. ಒಂದು ದಿನಕ್ಕೆ ಇಷ್ಟು ದ್ವೀಪ ಮುಟ್ಟಬೇಕು ಎಂಬ ವೇಳಾಪಟ್ಟಿ ಅವರ ತಲೆ ಮೇಲಿನ ಕತ್ತಿ. ಹೊತ್ತಿಗೆ ಹೊರಡಲೇಬೇಕು ಎಂಬ ಒತ್ತಡ ಹೈಸ್ಪೀಡ್‌ಗೆ ಮಾತ್ರ ಸೀಮಿತವಲ್ಲ, ಇಡೀ ಉದ್ಯಮದ ಸ್ವಭಾವವಾಗಿದೆ.

2023ರ ಸೆಪ್ಟೆಂಬರ್ 5ರ ರಾತ್ರಿ ಪಿರೇಯಸ್‌ನಲ್ಲಿ ಇದು ಜಗತ್ತಿಗೆ ಕಾಣಿಸಿತು. ಕ್ರೀಟ್‌ಗೆ ಹೊರಟಿದ್ದ 'ಬ್ಲೂ ಹೊರೈಜನ್' ಎಂಬ ಸಾಮಾನ್ಯ ಫೆರಿಗೆ 36 ವರ್ಷದ ಯುವಕನೊಬ್ಬ ಕೊನೇ ಗಳಿಗೆಯಲ್ಲಿ ಓಡಿ ಬಂದು ಹತ್ತಲು ನೋಡಿದ. ಸಿಬ್ಬಂದಿ ಅವನನ್ನು ತಳ್ಳಿದರು, ಅವನು ನೀರಿಗೆ ಬಿದ್ದ, ಹಡಗು ಹೊರಟಿತು. ಅವನು ಸತ್ತ. ಮೊಬೈಲ್ ವಿಡಿಯೋ ಇಲ್ಲದಿದ್ದರೆ ಅದೊಂದು 'ಆಕಸ್ಮಿಕ' ಆಗಿರುತ್ತಿತ್ತು. ಕ್ಯಾಪ್ಟನ್ ಮತ್ತು ಸಿಬ್ಬಂದಿ ಮೇಲೆ ಮೊಕದ್ದಮೆ ಹೂಡಲಾಯಿತು. ಸಿಬ್ಬಂದಿಯ ಬಗ್ಗೆ ಅನುಕಂಪದ ಮಾತಾಡಿ ಟೀಕೆಗೆ ಗುರಿಯಾದ ಹಡಗು ಸಾರಿಗೆ ಸಚಿವ ಮಿಲ್ಟಿಯಾಡಿಸ್ ವರ್ವಿಟ್ಸಿಯೊಟಿಸ್ ಒಂದೇ ವಾರದಲ್ಲಿ ರಾಜೀನಾಮೆ ಕೊಟ್ಟರು.

ಅದೇ ವರ್ಷದ ಫೆಬ್ರವರಿ 28ರಂದು ಟೆಂಪಿಯಲ್ಲಿ ಎರಡು ರೈಲುಗಳು ಮುಖಾಮುಖಿ ಡಿಕ್ಕಿಯಾಗಿ 57 ಜನ, ಅದರಲ್ಲೂ ಬಹಳಷ್ಟು ವಿದ್ಯಾರ್ಥಿಗಳು ಸತ್ತಿದ್ದರು. ಎರಡನೇ ವರ್ಷದ ದಿನ, 2025ರ ಫೆಬ್ರವರಿ 28ರಂದು, ದೇಶವೇ ಮುಷ್ಕರ ಹೂಡಿತು. ನಾವಿಕರೂ ಕೈಜೋಡಿಸಿ ಫೆರಿಗಳನ್ನು ಬಂದರಿನಲ್ಲೇ ನಿಲ್ಲಿಸಿದರು. ಬೀದಿಗಿಳಿದ ಯುವಜನರಿಗೆ ರೈಲು, ಹಡಗು ಬೇರೆ ಬೇರೆ ಕಥೆಯಾಗಿ ಕಾಣಲಿಲ್ಲ. ಸಾರ್ವಜನಿಕ ಸಾರಿಗೆಯಲ್ಲಿ ಜನರ ಜೀವಕ್ಕೆ ಎಷ್ಟನೇ ಸ್ಥಾನ ಅನ್ನೋದೇ ಎರಡರ ಪ್ರಶ್ನೆ.

ಹಾಗಾದರೆ ವೇಗ ಬೇಡವೇ?

ಬೇಡ ಅನ್ನೋದು ಸುಲಭ, ಪ್ರಾಮಾಣಿಕವಲ್ಲ. ಐಜೀನಾ, ಹೈಡ್ರಾ ಥರದ ಹತ್ತಿರದ ದ್ವೀಪಗಳ ಜನರಿಗೆ ವೇಗದ ದೋಣಿ ಅಥೆನ್ಸ್‌ನ ಕೆಲಸ, ಕಾಲೇಜನ್ನು ಹತ್ತಿರ ತಂದಿದೆ. ಪ್ರವಾಸೋದ್ಯಮವೇ ಎಷ್ಟೋ ದ್ವೀಪಗಳ ಅನ್ನ. 8 ಗಂಟೆ ಪ್ರಯಾಣ ಮಾಡಲಾಗದ ರೋಗಿಗೆ 5 ಗಂಟೆಯ ಹಡಗು ದೊಡ್ಡ ಉಪಕಾರ. ಸರ್ಕಾರಿ ಒಡೆತನವೊಂದೇ ಮದ್ದು ಎನ್ನುವವರು ಸ್ಕಾಟ್ಲೆಂಡ್ ಕಡೆಗೂ ನೋಡಬೇಕು. ಅಲ್ಲಿ ದ್ವೀಪ ಫೆರಿಗಳು ಸರ್ಕಾರಿ ಕಂಪನಿಯವೇ, ದರವನ್ನು ರಸ್ತೆ ಖರ್ಚಿಗೆ ಹೊಂದಿಸುವ ಪದ್ಧತಿ ಗ್ರೀಸ್‌ಗಿಂತ ಮೊದಲೇ ಬಂತು. ಆದರೂ 2018ಕ್ಕೆ ಬರಬೇಕಿದ್ದ 'ಗ್ಲೆನ್ ಸ್ಯಾನಕ್ಸ್' ಹಡಗು ಪ್ರಯಾಣಿಕರನ್ನು ಹತ್ತಿಸಿಕೊಂಡಿದ್ದು 2025ರ ಜನವರಿಯಲ್ಲಿ. ಯಾರ ಒಡೆತನ ಅನ್ನುವಷ್ಟೇ ಮುಖ್ಯ, ಯಾರಿಗೆ ಉತ್ತರ ಕೊಡಬೇಕು ಅನ್ನೋದು.

ಆದರೆ 2025ರ ಚಳಿಗಾಲ ಒಂದು ವಿಷಯವನ್ನು ಸ್ಪಷ್ಟ ಮಾಡಿತು. ಫೆಬ್ರವರಿಯಲ್ಲಿ ಸ್ಯಾಂಟೊರಿನಿಯಲ್ಲಿ ದಿನಕ್ಕೆ ನೂರಾರು ಬಾರಿ ನೆಲ ಕಂಪಿಸಿದಾಗ, ಕೆಲವೇ ದಿನಗಳಲ್ಲಿ ಸುಮಾರು 11 ಸಾವಿರ ಜನ ದ್ವೀಪ ಬಿಟ್ಟರು. ಅಥಿನಿಯೊಸ್ ಬಂದರಿನಲ್ಲಿ ಕಾರುಗಳ ಸಾಲು ಬೆಟ್ಟದ ತಿರುವುಗಳ ತನಕ ಬೆಳೆದಿತ್ತು. ಆ ಜನರನ್ನು, ಅವರ ಕಾರು, ಗಂಟುಮೂಟೆಗಳನ್ನು ಮುಖ್ಯವಾಗಿ ಹೊತ್ತೊಯ್ದದ್ದು ನಿಧಾನದ ದೊಡ್ಡ ಫೆರಿಗಳು. ವರ್ಷಕ್ಕೆ 30 ಲಕ್ಷಕ್ಕೂ ಹೆಚ್ಚು ಪ್ರವಾಸಿಗರು ಬರುವ, ಸುಮಾರು 15 ಸಾವಿರ ಜನ ಬದುಕುವ ದ್ವೀಪಕ್ಕೆ ಆಪತ್ತಿನಲ್ಲಿ ಆಸರೆಯಾಗಿದ್ದು ರೀಲ್ಸ್‌ನಲ್ಲಿ ಯಾರೂ ತೋರಿಸದ ಹಡಗು.

ಪರಿಸರದ ನಿಯಮಗಳೂ ಬಿಗಿಯಾಗುತ್ತಿವೆ. 2025ರ ಮೇ 1ರಿಂದ ಮೆಡಿಟರೇನಿಯನ್‌ನಲ್ಲಿ ಶೇ. 0.1ಕ್ಕಿಂತ ಹೆಚ್ಚು ಗಂಧಕವಿರುವ ಇಂಧನ ಸುಡುವಂತಿಲ್ಲ. ಅದಕ್ಕೂ ಮುಂಚೆ, 2024ರಿಂದ, ದೊಡ್ಡ ಹಡಗುಗಳು ಇಂಗಾಲಕ್ಕೆ ಬೆಲೆ ಕಟ್ಟುವ ಯುರೋಪಿನ ವ್ಯವಸ್ಥೆಯೊಳಗೆ ಬಂದಿವೆ. ಸಣ್ಣ ದ್ವೀಪಗಳ ಫೆರಿಗಳಿಗೆ ವಿನಾಯ್ತಿ ಪಡೆಯುವ ಅವಕಾಶ ಇರುವುದು 2030ರವರೆಗೆ ಮಾತ್ರ. ಇಂಧನದ ಬೆಲೆ ಏರಿದಾಗ ಯಾವ ಹಡಗು ಮೊದಲು ನಿಲ್ಲುತ್ತದೆ? ಜಾಸ್ತಿ ಸುಡುವ ಹೈಸ್ಪೀಡೋ, ಕಡಿಮೆ ಜನರಿರುವ ಬಂಜರು ಮಾರ್ಗವೋ? ಮಾರುಕಟ್ಟೆಗೆ ಬಿಟ್ಟರೆ ಉತ್ತರ ಏನಿರುತ್ತದೆ ಅಂತ ಊಹಿಸಲು ಕಷ್ಟವಿಲ್ಲ.

ಲೆಕ್ಕ ಹಾಕಬೇಕಾದ ತಿಂಗಳು

ಸರ್ಕಾರದ ಕೈಯಲ್ಲಿ ದಾರಿಗಳಿವೆ. ಜುಲೈ–ಆಗಸ್ಟ್‌ನ ಲಾಭದ ಮಾರ್ಗ ಬೇಕಾದ ಕಂಪನಿ ಜನವರಿ–ಫೆಬ್ರವರಿಯ ಕಷ್ಟದ ಮಾರ್ಗವನ್ನೂ ಹೊರಬೇಕು ಅಂತ ಷರತ್ತು ಹಾಕಬಹುದು. ಆಗ ಲಾಭವೆಲ್ಲ ಖಾಸಗಿಗೆ, ನಷ್ಟವೆಲ್ಲ ಸಬ್ಸಿಡಿ ಖಾತೆಗೆ ಎಂಬ ಹಂಚಿಕೆ ನಿಲ್ಲುತ್ತದೆ. 2025ರಿಂದ ಮಿಕೊನೊಸ್, ಸ್ಯಾಂಟೊರಿನಿಗೆ ಕ್ರೂಸ್ ಹಡಗಿನಲ್ಲಿ ಬರುವ ಪ್ರತಿ ಪ್ರಯಾಣಿಕನಿಂದ ಸೀಸನ್‌ನಲ್ಲಿ 20 ಯೂರೋ ಶುಲ್ಕ ಪಡೆಯಲಾಗುತ್ತಿದೆ. ಅದರ ಒಂದು ಪಾಲನ್ನು ಚಳಿಗಾಲದ ಹಡಗುಗಳಿಗೆ ಮೀಸಲಿಡಬಹುದು. ಹೊಸ ಹಡಗು ಕಟ್ಟಲು ಸಾರ್ವಜನಿಕ ಹಣ ಕೊಡುವುದಾದರೆ ಆ ಹಡಗಿನ ವೇಳಾಪಟ್ಟಿಯಲ್ಲಿ ದ್ವೀಪದ ಜನರ ಮಾತಿಗೆ ಜಾಗ ಇರಬೇಕು. 1967ರಲ್ಲಿ ಕ್ರೀಟ್‌ನ ರೈತರು ಷೇರು ಹಾಕಿ ಕೇಳಿದ್ದೂ ಇದನ್ನೇ.

ಒಂದು ದೇಶ ತನ್ನ ದ್ವೀಪಗಳನ್ನು ಹೇಗೆ ನಡೆಸಿಕೊಳ್ಳುತ್ತಿದೆ ಅಂತ ತಿಳಿಯಬೇಕಾದರೆ ಆಗಸ್ಟ್‌ನ 40 ನಾಟ್ ವೇಗ ನೋಡಿದರೆ ಸಾಲದು. ಜನವರಿಯ ಒಂದು ಮಂಗಳವಾರ ದೊನೂಸಾದಲ್ಲಿ ಜ್ವರ ಬಂದ ಮಗುವನ್ನು ಎತ್ತಿಕೊಂಡ ತಾಯಿಗೆ ಮುಂದಿನ ಹಡಗು ಯಾವಾಗ ಅಂತ ಕೇಳಬೇಕು. ಆ ಉತ್ತರ ಬದಲಾಗುವವರೆಗೆ ಏಜಿಯನ್‌ನಲ್ಲಿ ಎಷ್ಟೇ ವೇಗದ ಹಡಗು ಬಂದರೂ ಅದು ಬೇರೆಯವರ ಸಮಯವನ್ನಷ್ಟೇ ಉಳಿಸುತ್ತದೆ.